ಟ್ಯಾಗ್ಸ್ ಫೈಲನ್ನ ಗಿಟ್‌ಗೆ ಹಾಕಿದ ಪುಣ್ಯಾತ್ಮ ಯಾರ್ರೀ?

ನಲವತ್ತು ನಿಮಿಷ! ಯಾರೂ ಕಂಪೈಲ್ ಮಾಡದ ಸತ್ತ ಫೈಲನ್ನ ನಲವತ್ತು ನಿಮಿಷ ತಿದ್ದಿದೀನಿ. ಅದೂ ಸ್ಕ್ರೀನ್ ಶೇರ್ ಮಾಡ್ಕೊಂಡು, ಆರು ಜನರ ಮುಂದೆ. ಟ್ಯಾಗ್ಸ್ ಫೈಲು ಅಂದ್ರೆ ಯಾವ ಫಂಕ್ಷನ್ ಯಾವ ಫೈಲಲ್ಲಿದೆ ಅಂತ ಎಡಿಟರ್‌ಗೆ ಹೇಳೋ ಪಟ್ಟಿ; ಗಿಟ್ ಅಂದ್ರೆ ಕೋಡಿನ ಹಳೇ ರೂಪಗಳನ್ನೆಲ್ಲ ಕಾಪಾಡಿ ಟೀಮಿಗೆ ಹಂಚೋ ಸಾಧನ.

ನನ್ನ ಎಡಿಟರ್ ವಿಮ್‌ನಲ್ಲಿ ಪಾರ್ಸ್_ಹೆಡರ್ ಅನ್ನೋ ಫಂಕ್ಷನ್ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ] ಒತ್ತಿದೆ. ವಿಮ್ ಆ ಪಟ್ಟಿ ನೋಡಿ ಫಂಕ್ಷನ್ ಬರೆದಿರೋ ಜಾಗಕ್ಕೆ ಹಾರಿತು. ಅದೇ ಹೆಸರು, ಅದೇ ಆರ್ಗ್ಯುಮೆಂಟು. ಕೋಡು ಅಲ್ಲಿಗೆ ಬರುತ್ತಾ ನೋಡೋಕೆ ಒಂದು ಪ್ರಿಂಟ್‌ಎಫ್ ಹಾಕಿದೆ. ಸೇವ್, ಮೇಕ್ (ಟೈಮ್‌ಸ್ಟ್ಯಾಂಪ್ ನೋಡಿ ಬದಲಾದ ಫೈಲನ್ನ ಕಂಪೈಲ್ ಮಾಡಿಸೋದು), ರನ್. ಏನೂ ಬರ್ಲಿಲ್ಲ. ಇನ್ನೊಂದು ಹಾಕಿದೆ. ಬರಹ ಬಫರಲ್ಲೇ ಸಿಕ್ಕಿಕೊಂಡಿರಬಹುದು ಅಂತ ಎಫ್‌ಫ್ಲಶ್ಶೂ ಹಾಕಿದೆ. ಮೇಕ್ ಪ್ರತಿ ಸಲ "ನಥಿಂಗ್ ಟು ಬಿ ಡನ್" ಅಂತ ಕಿರುಚ್ತಾ ಇದೆ, ನಾನು ಮಾತ್ರ ಟೈಮ್‌ಸ್ಟ್ಯಾಂಪ್ ಹೇಗೆ ಕೈಕೊಡುತ್ತೆ ಅಂತ ಎಲ್ಲರಿಗೂ ಪಾಠ ಮಾಡ್ತಿದೀನಿ. ಕೆಲಸಕ್ಕೆ ಸೇರಿ ಮೂರು ವಾರ ಆಗಿರೋ ಹುಡುಗಿ ಮ್ಯೂಟ್ ತೆಗೆದು, "ಸರ್, ಕೆಳಗೆ ಪಾತ್ ನೋಡಿ... ಅದು ಬ್ಯಾಕಪ್ ಫೋಲ್ಡರ್ ಅಲ್ವಾ?" ಅಂದ್ಳು. ಆ "ಸರ್" ಇನ್ನೂ ಕಿವಿಯಲ್ಲಿ ಗುಂಯ್‌ಗುಡ್ತಿದೆ.

ಹಾರಿದ ಕ್ಷಣದಲ್ಲೇ ವಿಮ್ ಕೆಳಗಡೆ "ಟ್ಯಾಗ್ 1 ಆಫ್ 3" ಅಂತ ತೋರಿಸಿತ್ತು. ಮೂರರಲ್ಲಿ ಒಂದನೇದು. ಯಾರು ಓದ್ತಾರೆ ಅದನ್ನ?

ಒಂದನೇದು ಯಾಕೆ ಬ್ಯಾಕಪ್‌ದು? ಟ್ಯಾಗ್ಸ್ ಫೈಲನ್ನ ತಯಾರಿಸೋ ಸಿಟ್ಯಾಗ್ಸ್ ಪ್ರತಿ ಸಾಲಲ್ಲೂ ಹೆಸರು, ಫೈಲು, ಹುಡುಕೋ ಪ್ಯಾಟರ್ನು ಬರೆದು ಇಡೀ ಪಟ್ಟೀನ ಸಾರ್ಟ್ ಮಾಡುತ್ತೆ. ಹೆಸರು ಒಂದೇ ಆದ್ರೆ ಮುಂದಿನದು ಫೈಲಿನ ಪಾತ್. ಅಸಲಿ ಫೋಲ್ಡರಿನ ಎಸ್‌ಗಿಂತ ಮುಂಚೆ ಬ್ಯಾಕಪ್‌ನ ಬಿ ಬರುತ್ತೆ, ಅಷ್ಟೆ. ಡೆಫಿನಿಷನ್ ಈಗ ತೆರೆದಿರೋ ಫೈಲಲ್ಲೇ ಇದ್ದಿದ್ರೆ ವಿಮ್ ಅದಕ್ಕೇ ಮೊದಲ ಮಣೆ ಹಾಕ್ತಿತ್ತು. ಇರ್ಲಿಲ್ಲ. ಅಂದ್ರೆ ನನ್ನ ಮಾನ ಹೋಗಿದ್ದು ಇಂಗ್ಲಿಷ್ ಅಕ್ಷರಮಾಲೆಯಿಂದ.

ಅಲ್ಲ ಸ್ವಾಮಿ, ಗಿಟ್ ಇರುವಾಗ ಗಿಟ್ ಒಳಗೇ ಬ್ಯಾಕಪ್ ಫೋಲ್ಡರ್ ಯಾಕೆ? ಯಾರಾದ್ರೂ ಉತ್ತರ ಕೊಡಿ. ಟ್ಯಾಗ್ಸ್ ಫೈಲನ್ನ ಕಮಿಟ್ ಮಾಡಿ ಗಿಟ್‌ಗೆ ಸೇರಿಸಿದ್ಯಾಕೆ? ಇಬ್ಬರ ಬದಲಾವಣೆ ಡಿಕ್ಕಿ ಹೊಡೆದು ಮರ್ಜ್ ಕಾನ್‌ಫ್ಲಿಕ್ಟ್ ಆದ್ರೆ ಗಿಟ್ ಹಾಕೋ ಬಾಣದ ಗುರುತುಗಳು ಅದರೊಳಗೇ ಕೂತು ವಿಮ್‌ನ ಇ431, ಫಾರ್ಮ್ಯಾಟ್ ಎರರ್. ಸಾಲು ಹಿಂದುಮುಂದಾದ್ರೆ ಇ432, ಸಾರ್ಟ್ ಆಗಿಲ್ಲ. ಫಂಕ್ಷನ್ನಿನ ಸಾಲು ಬದಲಾಗಿ ಟ್ಯಾಗ್ಸ್ ಹಳೇದೇ ಉಳಿದ್ರೆ ಇ435, "ಜಸ್ಟ್ ಗೆಸ್ಸಿಂಗ್!" ಎಡಿಟರ್ರೇ ಬಾಯಿಬಿಟ್ಟು ಊಹೆ ಅಂತ ಒಪ್ಪಿಕೊಳ್ಳುತ್ತೆ, ನನಗಿಂತ ಪ್ರಾಮಾಣಿಕ. ಪೂರ್ತಿ ಹೊಸದಾಗಿ ಮಾಡೋಕೆ ಸೋಮಾರಿತನ ಅಂತ ಸಿಟ್ಯಾಗ್ಸ್‌ಗೆ -ಎ ಹಾಕಿ ಹಳೇ ಪಟ್ಟಿಗೇ ಅಪೆಂಡ್ ಮಾಡೋರೂ ಇದ್ದಾರೆ. ಅದು ಹಳೇ ಸಾಲನ್ನ ಅಳಿಸಲ್ಲ. ಹೆಸರು ಬದಲಾಯಿಸಿದ ಫಂಕ್ಷನ್‌ಗಳು ದೆವ್ವದ ಹಾಗೆ ಅಲ್ಲೇ ಸುತ್ತುತಾ ಇರ್ತವೆ.

ಟ್ಯಾಗ್ಸ್ ಬದಲು ಕೋಡನ್ನೇ ಅರ್ಥಮಾಡ್ಕೊಳ್ಳೋ ಕ್ಲ್ಯಾಂಗ್‌ಡಿ ಹಾಕ್ಕೋ ಅಂತ ಯಾರೂ ಕಾಮೆಂಟ್ ಹಾಕ್ಬೇಡಿ. ಅದಕ್ಕೆ ಪ್ರತಿ ಫೈಲು ಹೇಗೆ ಕಂಪೈಲ್ ಆಗುತ್ತೆ ಅಂತ ಹೇಳ್ಬೇಕು; ನಮ್ಮ ಮೇಕ್‌ಫೈಲ್ ನೋಡಿದ್ರೆ ನೀವೂ ಹೇಳಲ್ಲ.

ಸರಿ, ತಪ್ಪು ನಂದೇ. ಬರೀ ಕಂಟ್ರೋಲ್ ] ಬದಲು ಮೊದಲು ಜಿ ಒತ್ತಿ ಆಮೇಲೆ ಕಂಟ್ರೋಲ್ ] ಒತ್ತಿದ್ರೆ, ಒಂದಕ್ಕಿಂತ ಹೆಚ್ಚಿದ್ದಾಗ ಪಟ್ಟಿ ಬರುತ್ತೆ. ನನಗೆ ಗೊತ್ತಿತ್ತು. ಒಂದು ಅಕ್ಷರದ ಸೋಮಾರಿತನ.

ಅಲ್ಲ, ನಂದಲ್ಲ! ಕಮಿಟ್ ಮಾಡಿದವರದ್ದು!

ಸಂಜೆ ಕೂತು ಟ್ಯಾಗ್ಸ್ ಫೈಲನ್ನ ಗಿಟ್‌ನಿಂದ ಕಿತ್ತು ಗಿಟ್ ಕಡೆಗಣಿಸೋ ಪಟ್ಟಿ ಗಿಟ್‌ಇಗ್ನೋರ್‌ಗೆ ಸೇರಿಸಿದೆ. ಒಳಫೋಲ್ಡರುಗಳನ್ನೂ ನೋಡು ಅನ್ನೋ ಸಿಟ್ಯಾಗ್ಸ್‌ನ -ಆರ್ ಜೊತೆ, ಇದನ್ನ ಬಿಡು ಅನ್ನೋ ಎಕ್ಸ್‌ಕ್ಲೂಡ್‌ನಲ್ಲಿ ಬ್ಯಾಕಪ್ ಹೆಸರು ಕೊಟ್ಟೆ. ಪ್ರತಿ ಕಮಿಟ್, ಮರ್ಜ್, ಚೆಕ್‌ಔಟ್ ಆದ್ಮೇಲೆ ಹೊಸ ಪಟ್ಟಿ ಆಗೋ ಹಾಗೆ ಮೂರು ಹುಕ್ (ಗಿಟ್ ತಾನಾಗೇ ಓಡಿಸೋ ಸ್ಕ್ರಿಪ್ಟು) ಬರೆದೆ. ಮೊದಲು ಬೇರೆ ಹೆಸರಲ್ಲಿ ಬರೆದು ಆಮೇಲೆ ಎಂವಿ ಮಾಡಿ ಹೆಸರು ಬದಲಾಯಿಸ್ಬೇಕು, ಇಲ್ಲಾಂದ್ರೆ ಅರ್ಧ ಬರೆದ ಫೈಲನ್ನೇ ವಿಮ್ ಓದುತ್ತೆ. ಆದ್ರೆ ಹುಕ್ಕು ಗಿಟ್‌ನಿಂದ ಕೋಡು ನಕಲು ಮಾಡ್ಕೊಳ್ಳೋ ಕ್ಲೋನ್ ಜೊತೆ ಹೋಗಲ್ಲವಲ್ಲ, ಉಳಿದ ಆರೂ ಜನ ಕೈಯಾರೆ ಹಾಕ್ಕೋಬೇಕು. ಹಾಕ್ಕೊಳ್ಳಲ್ಲ.

ಆ ಹುಡುಗಿ ಒಬ್ಬಳು ಆಗ್ಲೇ ಹಾಕ್ಕೊಂಡಿದಾಳೆ.