ಎಕ್ಸ್ ಎಂಎಲ್ಎ, ಎಕ್ಸ್ ಪಾರ್ಟಿ

ಮೂರು ವರ್ಷದ ಹಿಂದೆ ಒಂದು ಸಂಜೆ ಊರಿಂದ ಅಪ್ಪನ ಫೋನು ಬಂತು. ಇಂಗ್ಲೆಂಡಿನ ರೆಡಿಂಗಿನಲ್ಲಿ ನಮಗಿನ್ನೂ ಮಧ್ಯಾಹ್ನ. ಅಪ್ಪನ ದನಿಯಲ್ಲಿ ಹಬ್ಬದ ಕಳೆ ಇತ್ತು.

"ಗೆದ್ವಿ ನೋಡಪ್ಪಾ. ಎದುರು ಕಡೆಯವನು ಎಕ್ಸ್ ಪಾರ್ಟಿ ಆಗ್ಬಿಟ್ಟನಂತೆ."

"ಯಾರು ಹೇಳಿದ್ರು?"

"ನಮ್ಮೂರವನೇ ಒಬ್ಬ ಇವತ್ತು ಕೋರ್ಟ್ ಹತ್ರ ಇದ್ನಂತೆ. ಮೂರು ಸಲ ಹೆಸರು ಕೂಗಿದ್ರಂತೆ. ಆಮೇಲೆ ಎಕ್ಸ್ ಪಾರ್ಟಿ ಅಂದ್ರಂತೆ. ಮುಗೀತು ಬಿಡು."

ನಮ್ಮದು ಕೋಲಾರ ಜಿಲ್ಲೆ, ಮುಳಬಾಗಿಲು ತಾಲ್ಲೂಕಿನ ಹಳ್ಳಿ. ದೊಡ್ಡಪ್ಪನ ಮಗ ಜಮೀನಿನಲ್ಲಿ ಭಾಗ ಕೇಳಿ ಪಾರ್ಟಿಷನ್ ಕೇಸ್ ಹಾಕಿದ್ದ. ಇರೋದು ಒಂದು ಎಕರೆ ಹದಿನೆಂಟು ಗುಂಟೆ. ಕೋರ್ಟಿನ ಅಮೀನ ಬಂದು ಸಮನ್ಸ್ ಕೊಟ್ಟು ಸಹಿ ಹಾಕಿಸಿಕೊಂಡು ಹೋಗಿದ್ದ. ಅಪ್ಪ ಅದನ್ನು ಪಹಣಿ ಕಟ್ಟಿನ ಜೊತೆ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಹೋಗಬೇಕಿದ್ದ ದಿನ ಟೊಮೆಟೊ ಕೀಳುವ ಕೆಲಸ. ಕೋಲಾರದ ಮಂಡಿಗೆ ಬಾಕ್ಸ್ ಹೋಗಲೇಬೇಕು. ಇನ್ನೊಂದು ವಾಯಿದೆಗೆ ಹೋದರಾಯಿತು ಅಂದುಕೊಂಡರು.

ಎಕ್ಸ್ ಎಂಎಲ್ಎ ಅಂದರೆ ಮಾಜಿ ಎಂಎಲ್ಎ. ಎಕ್ಸ್ ಛೇರ್ಮನ್ ಅಂದರೆ ಮಾಜಿ ಛೇರ್ಮನ್. ಹಾಗಾದರೆ ಎಕ್ಸ್ ಪಾರ್ಟಿ ಅಂದರೆ ಮಾಜಿ ಪಾರ್ಟಿ. ಕೇಸಿನಿಂದ ಹೊರಗೆ ಹೋದವನು. ಅಪ್ಪನ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಹೇಳಿ? ತಪ್ಪಿದ್ದು ಒಂದೇ. ಎಕ್ಸ್ ಪಾರ್ಟಿ ಆಗಿದ್ದು ಎದುರಿನವನಲ್ಲ, ಅಪ್ಪನೇ. ಕೂಗಿದ್ದು ಅಪ್ಪನ ಹೆಸರನ್ನೇ. ಕರೆದಾಗ ಬರಲಿಲ್ಲ, ಹಾಗಾಗಿ ಇವರ ಮಾತು ಕೇಳದೆಯೇ ಕೇಸ್ ಮುಂದುವರಿಸಲು ಹೊರಟಿದ್ದರು. ಅದು ಲ್ಯಾಟಿನ್ ಮಾತು. ಒಂದೇ ಕಡೆಯಿಂದ ಅಂತ ಅರ್ಥ.

ಪುಣ್ಯಕ್ಕೆ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಇನ್ನೂ ಆಗಿರಲಿಲ್ಲ. ಮಾರನೇ ದಿನವೇ ಒಬ್ಬ ವಕೀಲರನ್ನು ಹಿಡಿದೆವು. ಯಾಕೆ ಬರಲಾಗಲಿಲ್ಲ ಅಂತ ಕಾರಣ ಬರೆದು ಅರ್ಜಿ ಹಾಕಿದರು. ಐನೂರು ರೂಪಾಯಿ ಕಾಸ್ಟ್ ಕಟ್ಟಿಸಿಕೊಂಡು ಅಪ್ಪನನ್ನು ಮತ್ತೆ ಕೇಸಿನೊಳಗೆ ಸೇರಿಸಿಕೊಂಡರು. ಡಿಕ್ರಿ ಆಗಿಹೋಗಿದ್ದರೆ ಅದನ್ನು ರದ್ದು ಮಾಡಿಸಲು ಸಾಮಾನ್ಯವಾಗಿ ಇರೋದು 30 ದಿನ. ಅಪ್ಪ ಆ 30 ದಿನವನ್ನೂ ಗೆದ್ದೆವು ಅಂತ ಖುಷಿಯಲ್ಲೇ ಕಳೆದುಬಿಡುತ್ತಿದ್ದರು.

ಅದೇ ವರ್ಷ ನಾನೂ ಕೋರ್ಟಿಗೆ ಹೋದೆ, ಇಲ್ಲಿ. ಹಳೇ ಮನೆಯ ಮಾಲೀಕ ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಸಣ್ಣ ಮೊತ್ತದ ಕೇಸು, ವಕೀಲರು ಬೇಕಿಲ್ಲ. ಒಂದು ಚಿಕ್ಕ ಕೋಣೆ, ಒಂದು ಮೇಜು, ಆಚೆ ಕಡೆ ಒಬ್ಬ ಜಡ್ಜ್. ಕೋಲಾರ ಕೋರ್ಟಿನ ಹುಣಸೆ ಮರದ ಕೆಳಗೆ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, ಕೇಸ್ ಹಾಕಿದವನು ನಾನೇ, ನಾನೇ ಪ್ಲೇಂಟಿಫ್ ಅಂದೆ. ಜಡ್ಜಮ್ಮ ನಕ್ಕರು. ಆ ಪದ ಕೇಳಿ ತುಂಬಾ ವರ್ಷ ಆಯಿತು, ಈಗ ನಿಮ್ಮನ್ನು ಕ್ಲೇಮೆಂಟ್ ಅನ್ನುತ್ತೇವೆ ಅಂದರು.

ಆಮೇಲೆ ಹುಡುಕಿ ನೋಡಿದೆ. ಇಂಗ್ಲೆಂಡಿನ ಸಿವಿಲ್ ಕೋರ್ಟುಗಳಿಗೆ 1999ರ ಏಪ್ರಿಲ್ 26ರಂದು ಹೊಸ ನಿಯಮ ಬಂತು. ಜನಕ್ಕೆ ಅರ್ಥವಾಗದ ಪದಗಳನ್ನು ಅವತ್ತೇ ಗುಡಿಸಿ ಹಾಕಿದರು. ಪ್ಲೇಂಟಿಫ್ ಹೋಗಿ ಕ್ಲೇಮೆಂಟ್ ಆಯಿತು, ಅಂದರೆ ಕೇಳುವವನು. ರಿಟ್ ಬದಲು ಕ್ಲೇಮ್ ಫಾರ್ಮ್. ಸಬ್‌ಪೀನಾ ಬದಲು ವಿಟ್ನೆಸ್ ಸಮನ್ಸ್. ಇನ್ ಕ್ಯಾಮೆರಾ ಬದಲು ಇನ್ ಪ್ರೈವೇಟ್. ನಮ್ಮಪ್ಪನನ್ನು ಮುಳುಗಿಸಲು ಹೊರಟಿದ್ದ ಎಕ್ಸ್ ಪಾರ್ಟಿಗೂ ಇಲ್ಲಿ ಜಾಗವಿಲ್ಲ. ಎದುರಿನವನಿಗೆ ತಿಳಿಸದೆ ಅರ್ಜಿ ಹಾಕಿದರೆ ಅದು ವಿದೌಟ್ ನೋಟಿಸ್. ಕರೆದಾಗ ಉತ್ತರ ಕೊಡದೆ ಸೋತರೆ ಡಿಫಾಲ್ಟ್ ಜಡ್ಜ್‌ಮೆಂಟ್.

ಇಂಗ್ಲಿಷರೇ ಬಿಟ್ಟ ಇಂಗ್ಲಿಷನ್ನು ನಾವು ಮುಳಬಾಗಿಲಲ್ಲಿ ಇನ್ನೂ ಕಾಪಾಡಿಕೊಂಡು ಬಂದಿದ್ದೇವೆ. ಅಜ್ಜಿಯ ಒಡವೆ ಥರ.

ಆ ಒಡವೆಯೂ ಅವರದಲ್ಲ ಅನ್ನೋದು ಇನ್ನೊಂದು ತಮಾಷೆ. 1066ರಲ್ಲಿ ನಾರ್ಮನ್ನರು ಬಂದು ಇಂಗ್ಲೆಂಡನ್ನು ಗೆದ್ದ ಮೇಲೆ ಕೋರ್ಟಿನ ಮಾತು ಫ್ರೆಂಚ್ ಆಯಿತು. ಪ್ಲೇಂಟಿಫ್, ಬೇಲ್, ಜ್ಯೂರಿ, ವಾರಂಟ್ ಎಲ್ಲ ಆ ದಾರಿಯಲ್ಲಿ ಬಂದವು. ಜನಕ್ಕೆ ಒಂದೂ ತಿಳಿಯುತ್ತಿಲ್ಲ ಅಂತ 1362ರಲ್ಲಿ ಒಂದು ಕಾನೂನು ಮಾಡಿದರು. ಕೋರ್ಟಿನಲ್ಲಿ ಇಂಗ್ಲಿಷಿನಲ್ಲೇ ವಾದ ಮಾಡಬೇಕು ಅಂತ. ಆ ಕಾನೂನನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ! ಲ್ಯಾಟಿನ್ನೂ ಹಳೇ ಫ್ರೆಂಚೂ ಕೋರ್ಟಿನ ಕಾಗದ ಬಿಟ್ಟು ಪೂರ್ತಿ ತೊಲಗಿದ್ದು 1733ರಲ್ಲಿ.

ನಮ್ಮ ಕಥೆಯೂ ಬೇರೆ ಅಲ್ಲ. ಮೊಗಲರು 1687ರಲ್ಲಿ ಶಿರಾದಲ್ಲಿ ಸುಬಾ ಅನ್ನೋ ಪ್ರಾಂತ್ಯ ಮಾಡಿದಾಗ ಅದರ ಏಳು ಪರಗಣ ಅನ್ನೋ ಭಾಗಗಳಲ್ಲಿ ಕೋಲಾರವೂ ಒಂದು. ಪಾರಸಿ, ಅರಬಿ ಪದಗಳು ಕಚೇರಿಗೆ ಹೊಕ್ಕು ನಮ್ಮ ಮನೆ ಮಾತೇ ಆಗಿಹೋದವು. ವಕೀಲ, ಅಮೀನ, ಅರ್ಜಿ, ಜಾಮೀನು, ತಹಶೀಲ್ದಾರ, ವಾರಸುದಾರ, ವಜಾ. ನಮ್ಮಮ್ಮನಿಗೆ ಇವು ಕನ್ನಡವೇ. ಸತ್ತವರ ಹೆಸರಿಂದ ಮಕ್ಕಳ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಪೌತಿ ಅರಬಿ ಅಂದರೆ ಊರಲ್ಲಿ ಯಾರೂ ನಂಬಲ್ಲ.

ಇಂಗ್ಲಿಷಿನ ಕಾನೂನು ಪತ್ರಗಳಲ್ಲಿ ಒಂದೇ ಮಾತನ್ನು ಎರಡೆರಡು ಸಲ ಹೇಳುವ ಚಾಳಿ ಇದೆ. ವಿಲ್ ಅಂಡ್ ಟೆಸ್ಟಮೆಂಟ್ ಅನ್ನುತ್ತಾರೆ. ಒಂದು ಹಳೇ ಇಂಗ್ಲಿಷ್, ಇನ್ನೊಂದು ಲ್ಯಾಟಿನ್ ಕಡೆಯದು. ಯಾವ ಭಾಷೆಯವನೂ ತಪ್ಪಿಸಿಕೊಳ್ಳಬಾರದು, ಅಲ್ವಾ? ನಮ್ಮ ಕ್ರಯಪತ್ರ ತೆಗೆದು ನೋಡಿ. ತಂಟೆ ತಕರಾರು, ಕಾಗದ ಪತ್ರ, ಹಕ್ಕು ಬಾಧ್ಯತೆ. ತಕರಾರು, ಕಾಗದ, ಹಕ್ಕು ಇವು ಪಾರಸಿ, ಅರಬಿ ಕಡೆಯವು. ಪಕ್ಕದಲ್ಲಿ ನಿಂತವು ಈ ಕಡೆಯವು. ಕೆಳಗೆ ಹೋದರೆ ನಿಧಿ, ನಿಕ್ಷೇಪ, ಜಲ, ಪಾಷಾಣ ಅಂತ ಶಾಸನದ ಕಾಲದ ಸಾಲು ಬೇರೆ. ಮೂವತ್ತು ನಲವತ್ತರ ಸೈಟು, ಬೋರ್‌ವೆಲ್ಲಿಗೇ ನೀರಿಲ್ಲ. ನಿಧಿ ಮಾತ್ರ ಕೊಂಡವನಿಗೆ ಸೇರತಕ್ಕದ್ದು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಪದ ಪರಭಾಷೆಯದು ಅನ್ನೋದು ಜನಕ್ಕೆ ಯಾವತ್ತೂ ತೊಂದರೆ ಕೊಟ್ಟಿಲ್ಲ. ಆ ಪದ ಬಂದು ತಮಗೆ ಏನು ಮಾಡುತ್ತದೆ ಅನ್ನೋದು ಗೊತ್ತಾದರೆ ಸಾಕು. ಸ್ಟೇ ಅಂದರೆ ನಾಳೆಯಿಂದ ಆ ಹೊಲಕ್ಕೆ ನೇಗಿಲು ಇಳಿಸುವ ಹಾಗಿಲ್ಲ. ಇದನ್ನು ನಮ್ಮ ಕಡೆ ಓದು ಬರದವರೂ ಹೇಳುತ್ತಾರೆ. ಇಂಜಂಕ್ಷನ್ ಎಲ್ಲರ ಬಾಯಲ್ಲೂ ಇಂಜೆಕ್ಷನ್ನೇ. ಇಂಜೆಕ್ಷನ್ ತಂದವ್ನೆ ಅಂದರೆ ಡಾಕ್ಟರ ಹತ್ತಿರ ಹೋಗಿದ್ದನೋ ವಕೀಲರ ಹತ್ತಿರವೋ ಅಂತ ಯಾರೂ ಕೇಳುವುದಿಲ್ಲ. ಬಿ ರಿಪೋರ್ಟ್ ಹಾಕಿಬಿಟ್ಟರು ಅಂದರೆ ಪೊಲೀಸರು ಕೇಸಿನಲ್ಲಿ ಹುರುಳಿಲ್ಲ ಅಂತ ಬರೆದು ಕೈ ತೊಳೆದುಕೊಂಡರು ಅಂತ. ಈ ಪದವನ್ನು ನನ್ನ ಇಂಗ್ಲಿಷ್ ಗೆಳೆಯರಿಗೆ ಹೇಳಿ ನೋಡಿದೆ. ಯಾರಿಗೂ ಗೊತ್ತಿಲ್ಲ. ಫೋರ್ ಟ್ವೆಂಟಿ ಅಂತೂ ಬೈಗುಳವೇ ಆಯಿತು. 2024ರ ಜುಲೈ 1ರಿಂದ ಮೋಸದ ಕೇಸಿಗೆ ಹೊಸ ಕಾನೂನಿನಲ್ಲಿ ಸೆಕ್ಷನ್ 318. ಆದರೆ ಅವನೊಬ್ಬ ತ್ರೀ ಎಯ್ಟೀನ್ ಅಂತ ಬೈದವರನ್ನು ನಾನಿನ್ನೂ ಕಂಡಿಲ್ಲ.

ಸರ್ಕಾರದ ಪದಗಳನ್ನು ನಮಗೆ ಕಲಿಸಿದ್ದು ಟಿವಿ. 2019ರ ಜುಲೈನಲ್ಲಿ ಒಂದು ತಿಂಗಳು ಪಾಠವೇ ನಡೆಯಿತು. ವಿಪ್, ಫ್ಲೋರ್ ಟೆಸ್ಟ್, ಅನರ್ಹತೆ, ರೆಸಾರ್ಟು. ಆಗ ಸ್ಪೀಕರ್ ಕುರ್ಚಿಯಲ್ಲಿದ್ದವರು ನಮ್ಮ ಶ್ರೀನಿವಾಸಪುರದ ಶಾಸಕ ರಮೇಶ್ ಕುಮಾರ್. ಹಾಗಾಗಿ ನಮ್ಮ ಜಿಲ್ಲೆಯ ಟೀ ಅಂಗಡಿಗಳಲ್ಲಿ ಪಾಠ ಇನ್ನೂ ಜೋರು. ಜುಲೈ 23ರಂದು 99ಕ್ಕೆ 105 ಆಗಿ ಸರ್ಕಾರ ಬಿತ್ತು. ಅಷ್ಟು ಹೊತ್ತಿಗೆ ಅಪ್ಪ ನನಗೇ ವಿಪ್ ಅಂದರೇನು ಅಂತ ಹೇಳಿಕೊಡುತ್ತಿದ್ದರು. ಚಾಟಿ ಕಣಪ್ಪಾ, ಎತ್ತು ದಾರಿ ಬಿಡಬಾರದು ಅಂತ ಬೀಸೋದು. ಸರಿಯಾಗಿಯೇ ಹೇಳಿದ್ದರು. ಇಂಗ್ಲಿಷರ ಪಾರ್ಲಿಮೆಂಟಿಗೆ ಆ ಪದ ಬಂದದ್ದು ಬೇಟೆಯಲ್ಲಿ ನಾಯಿಗಳು ಚದುರದಂತೆ ಕಾಯುವವನಿಂದ. ಫ್ಲೋರ್ ಟೆಸ್ಟ್ ಅನ್ನೋದಕ್ಕೆ ಇಡೀ ದೇಶದಲ್ಲಿ ತೂಕ ಬಂದದ್ದೂ ನಮ್ಮ ಎಸ್.ಆರ್. ಬೊಮ್ಮಾಯಿಯವರ ಕೇಸಿನಿಂದಲೇ, 1994ರ ಸುಪ್ರೀಂ ಕೋರ್ಟ್ ತೀರ್ಪು.

ಅದೇ ಪದಗಳನ್ನು ನಾನು ಇಲ್ಲಿ ದುಡ್ಡು ಕೊಟ್ಟು ಕಲಿತೆ. ಈ ದೇಶದ ಪೌರತ್ವ ಬೇಕಾದರೆ ಒಂದು ಪರೀಕ್ಷೆ ಬರೆಯಬೇಕು. 45 ನಿಮಿಷ, 24 ಪ್ರಶ್ನೆ, 18 ಸರಿ ಇದ್ದರೆ ಪಾಸು. ಶ್ಯಾಡೋ ಕ್ಯಾಬಿನೆಟ್ಟು, ಬೈ ಎಲೆಕ್ಷನ್ನು, ಜ್ಯೂರಿ ಎಲ್ಲ ಬಾಯಿಪಾಠ ಮಾಡಿದೆ. ಪಾಸೂ ಆದೆ. ಮೂರು ತಿಂಗಳಲ್ಲಿ ಅರ್ಧ ಮರೆತೆ. ಅಪ್ಪ ಟಿವಿಯಲ್ಲಿ ಕಲಿತದ್ದನ್ನು ಇವತ್ತಿಗೂ ಮರೆತಿಲ್ಲ. ಪಟ್ಟಿ ಹಿಡಿದು ಪದ ಕಲಿಯುವುದರಲ್ಲಿ ನನಗೆ ಅವತ್ತಿಂದ ನಂಬಿಕೆ ಹೋಯಿತು.

ನಮ್ಮ ಪಂಡಿತರು ಕೊಡುವ ಮದ್ದಿನಲ್ಲೂ ನಂಬಿಕೆ ಇಲ್ಲ. ಅವರು ಎಕ್ಸ್ ಪಾರ್ಟಿಯನ್ನು ಏಕಪಕ್ಷೀಯ ಅನ್ನುತ್ತಾರೆ. ಅಪ್ಪನಿಗೆ ಇದನ್ನು ಹೇಳಿದರೆ, ಯಾವ ಪಕ್ಷ, ಕೈಯಾ ಕಮಲವಾ ತೆನೆಯಾ ಅಂತ ಕೇಳುತ್ತಾರೆ. ಆಂಟಿಸಿಪೇಟರಿ ಬೇಲಿಗೆ ನಿರೀಕ್ಷಣಾ ಜಾಮೀನು. ಅರೆಸ್ಟ್ ಆಗುವ ಮೊದಲೇ ತರುವ ಜಾಮೀನು ಅಂದರೆ ಮುಗಿಯಿತು, ನಿರೀಕ್ಷೆಗೆ ಅಲ್ಲೇನು ಕೆಲಸ? ಇದು ಕನ್ನಡದ ಮೇಲಿನ ಸಿಟ್ಟಲ್ಲ. ಕೆಳಗಿನ ಕೋರ್ಟಿನಲ್ಲಿ ಕನ್ನಡ ಇರಲೇಬೇಕು. ಆದರೆ ಒಂದು ಗೊತ್ತಿಲ್ಲದ ಪದ ತೆಗೆದು ಇನ್ನೊಂದು ಗೊತ್ತಿಲ್ಲದ ಪದ ಇಟ್ಟರೆ ಅಪ್ಪನಿಗೆ ಏನು ಬಂತು?

ನನ್ನ ಎದುರಾಳಿ ಮಾಲೀಕನಿಗೆ ಕೋರ್ಟಿನಿಂದ ಹೋದ ಕಾಗದ ಹೇಗಿತ್ತು ಅಂತ ಹೇಳುತ್ತೇನೆ. ನಿಮ್ಮ ಮೇಲೆ ಕೇಸ್ ಬಂದಿದೆ. 14 ದಿನದೊಳಗೆ ಉತ್ತರ ಕೊಡಿ. ಹೆಚ್ಚು ಸಮಯ ಬೇಕಾದರೆ ಈ ಫಾರ್ಮ್ ತುಂಬಿ, 28 ದಿನ ಸಿಗುತ್ತದೆ. ಕೊಡದಿದ್ದರೆ ನಿಮ್ಮ ವಿರುದ್ಧ ತೀರ್ಪು ಆಗಬಹುದು. ಒಪ್ಪಿಕೊಳ್ಳುವುದಕ್ಕೆ ಒಂದು ಫಾರ್ಮು, ಇಲ್ಲ ಅನ್ನುವುದಕ್ಕೆ ಒಂದು ಫಾರ್ಮು, ಎರಡೂ ಜೊತೆಗೇ. ಅಪ್ಪನ ಸಮನ್ಸಿನಲ್ಲೂ ಬರದಿದ್ದರೆ ಏನಾಗುತ್ತದೆ ಅಂತ ಒಂದು ಸಾಲು ಇತ್ತು. ಆಮೇಲೆ ಓದಿದೆ. ಒಂದೇ ವಾಕ್ಯ, ಆರು ಸಾಲು ಉದ್ದ, ಕ್ರಿಯಾಪದ ಕೊನೆಯಲ್ಲಿ. ನಾನು ಎರಡು ಸಲ ಓದಬೇಕಾಯಿತು. ಸಮನ್ಸ್ ಕೈಗೆ ಬಂದ 30 ದಿನದಲ್ಲಿ ನಮ್ಮ ಉತ್ತರ ಬರೆದು ಕೊಡಬೇಕು, ಕೋರ್ಟು ಒಪ್ಪಿದರೆ 90 ದಿನದವರೆಗೂ ಸಮಯ ಸಿಗುತ್ತದೆ. ಇದನ್ನು ಅಪ್ಪನಿಗೆ ಮೊದಲ ಸಲ ಹೇಳಿದವರು ಟ್ರಂಕಿನಿಂದ ಸಮನ್ಸ್ ತೆಗೆಸಿ ನೋಡಿದ ವಕೀಲರು.

ಹಾಗಂತ ಇಲ್ಲಿನದೆಲ್ಲ ಚೆನ್ನ ಅಂದುಕೊಳ್ಳಬೇಡಿ. ಇಲ್ಲಿ ಕಾಗದ ಮಾತಾಡುತ್ತದೆ, ಮನುಷ್ಯ ಸಿಗುವುದಿಲ್ಲ. 2013ರಿಂದ ಸಿವಿಲ್ ಕೇಸುಗಳಿಗೆ ಸರ್ಕಾರದ ನೆರವನ್ನು ತುಂಬಾ ಕಡಿಮೆ ಮಾಡಿಬಿಟ್ಟರು. ಫೋನಿನಲ್ಲಿ ಮುಕ್ಕಾಲು ಗಂಟೆ ಸಂಗೀತ ಕೇಳಿಸಿದರು ನನಗೆ. ನಮ್ಮಲ್ಲಿ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವೆಗಳ ಸಮಿತಿ ಇರುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಪುಕ್ಕಟೆ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಯಿತು. ಅದೂ ಬೇಡ ಅಂದರೆ ಗೇಟಿನ ಹತ್ತಿರದ ಟೈಪಿಸ್ಟು ಒಂದು ಟೀಗೆ ಇಡೀ ಕೇಸನ್ನೇ ಬಿಡಿಸಿ ಹೇಳುತ್ತಾನೆ. ಅರ್ಧ ತಪ್ಪೇ ಹೇಳಬಹುದು. ಆದರೂ ಎದುರಿಗೆ ಕೂತು ಹೇಳುತ್ತಾನಲ್ಲ.

ನಮ್ಮ ಕೋರ್ಟಿನವರು ಇಷ್ಟು ಮಾಡಿದರೆ ನನಗೆ ಸಾಕು. ಎಕ್ಸ್ ಪಾರ್ಟಿ ಅನ್ನೋ ಪದ ಹಾಗೇ ಇರಲಿ, ಸ್ಟೇನೂ ಇರಲಿ, ಡಿಕ್ರಿಯೂ ಇರಲಿ. ಜನರ ಬಾಯಲ್ಲಿ ಹೇಗಿದೆಯೋ ಹಾಗೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಎರಡು ಸಾಲು ಸೇರಿಸಿ. ಇದು ಬಂದರೆ ನೀವು ಏನು ಮಾಡಬೇಕು, ಯಾವ ತಾರೀಖಿನೊಳಗೆ. ಅಮೀನ ಕಾಗದ ಕೊಡುವಾಗ ಅದನ್ನು ಒಂದು ಸಲ ಓದಿ ಹೇಳಲಿ.

ಅಪ್ಪ ಈಗ ತಮ್ಮದೇ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ತೋರಿಸಿದರು. ಹಾಲಿನ ಡೈರಿಯ ಲೆಕ್ಕ ಮುಗಿದ ಹಾಳೆಗಳ ಹಿಂದೆ ಬರೆದಿದ್ದಾರೆ. ಎಕ್ಸ್ ಪಾರ್ಟಿ: ನಾವು ಹೋಗದಿದ್ದರೆ. ಐ.ಎ.: ಮಧ್ಯದಲ್ಲಿ ಹಾಕುವ ಅರ್ಜಿ, ದುಡ್ಡು ಕೇಳುತ್ತಾರೆ. ಎವಿಡೆನ್ಸ್: ಹೋಗಲೇಬೇಕು, ಬಿಳಿ ಷರಟು. ಕಮಿಷನರ್: ಬೆಂಗಳೂರಿನವರಲ್ಲ, ಜಮೀನು ನೋಡೋಕೆ ಬರುವ ವಕೀಲರು, ಎಳನೀರು ಕೊಡಬೇಕು.

ಕೊನೆಯಲ್ಲಿ ಎಫ್‌ಡಿಪಿ ಅಂತ ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದರು. ಹಾಗಂದರೆ ಏನು ಅಂತ ಕೇಳಿದರು. ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್ ಅಂದೆ. ಪಾರ್ಟಿಷನ್ ಕೇಸಿನಲ್ಲಿ ಮೊದಲು ಯಾರಿಗೆ ಎಷ್ಟು ಭಾಗ ಅಂತ ಒಂದು ಡಿಕ್ರಿ ಆಗುತ್ತದೆ, ಆಮೇಲೆ ಯಾವ ಬದುವಿನಿಂದ ಯಾವ ಬದುವಿನವರೆಗೆ ಅಂತ ಅಳೆದು ಬಿಡಿಸಿಕೊಡುವುದಕ್ಕೆ ಮತ್ತೆ ಅರ್ಜಿ ಹಾಕಬೇಕು ಅಂತ ಬಿಡಿಸಿ ಹೇಳಿದೆ.

ಅಪ್ಪ ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಅಂದ್ರೆ ಗೆದ್ದ ಮೇಲೂ ಇನ್ನೊಂದು ಕೇಸಾ?"

ಹೂಂ ಅಂದೆ. ಅದನ್ನೇ ಬರೆದುಕೊಂಡರು.