ಮೊದಲು ಸ್ಯಾಂಪಲ್ ಹೆಣೆಯಿರಿ, ಪ್ರೀತಿ ಆಮೇಲೆ

ಈಗಷ್ಟೇ ಒಂದು ರೀಲ್ ನೋಡಿದೆ. "ಅಪ್ಪನಿಗೆ ಸರ್‌ಪ್ರೈಸ್ ಸ್ವೆಟರ್! ಅಳತೆ ಗಿಳತೆ ಏನೂ ಬೇಡ, ಪ್ರೀತಿ ಸಾಕು!" ಅಂತ ಶುರು. ಉಲ್ಲನ್ ಉಂಡೆ ಬಿಚ್ಚಿದ್ದೇ ತಡ, ಪ್ಯಾಟರ್ನ್ (ಹೆಣೆಯೋ ಸೂಚನೆಗಳ ಹಾಳೆ) ಹೇಳಿದ 220 ಕುಣಿಕೆ ಕಡ್ಡಿಗೆ ಏರಿಯೇ ಬಿಟ್ಟವು. ಕೆಳಗೆ ಹಾರ್ಟುಗಳ ಮಳೆ. ಇಂಥದ್ದಕ್ಕೆಲ್ಲ ನಾನು ಉರಿದುಕೊಳ್ಳೋದು ನಿಮಗೆ ಹೊಸದಲ್ಲ. ಸಹಿಸಿಕೊಳ್ಳಿ.

ಲೆಕ್ಕ ನೋಡಿ. ಪ್ಯಾಟರ್ನ್‌ನಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಅಂತಿದ್ದರೆ 220 ಕುಣಿಕೆಗೆ ಎದೆಯ ಸುತ್ತಳತೆ 100 ಸೆಂ.ಮೀ. ನಿಮ್ಮ ಕೈ ಸ್ವಲ್ಪ ಸಡಿಲವಾಗಿದ್ದು 20 ಕುಣಿಕೆ ಬಂದರೆ ಅದೇ ಸ್ವೆಟರ್ 110 ಆಗುತ್ತೆ. ಬಿಗಿಯಾಗಿದ್ದು 24 ಬಂದರೆ 92ಕ್ಕೂ ಕಡಿಮೆ. ಬರೀ ಅರ್ಧ ಕುಣಿಕೆ ಸಡಿಲವಾದರೂ 2 ಸೆಂ.ಮೀ. ಜಾಸ್ತಿ. ಇದನ್ನು ಪ್ರೀತಿ ಸರಿಮಾಡಲ್ಲ, ಕಡ್ಡಿಯ ಸೈಜು ಸರಿಮಾಡುತ್ತೆ. ನಿಮ್ಮ ಕೈಗೆ ಎಷ್ಟು ಕುಣಿಕೆ ಬರುತ್ತೆ ಅಂತ ಮೊದಲೇ ನೋಡೋಕೆ ಅದೇ ದಾರ, ಅದೇ ಕಡ್ಡಿಯಲ್ಲಿ ಹೆಣೆಯೋ ಪರೀಕ್ಷೆಯ ತುಂಡೇ ಸ್ಯಾಂಪಲ್ಲು.

ಸ್ಯಾಂಪಲ್ ಅಂದರೆ ಹತ್ತು ಸೆಂ.ಮೀ.ಗೆ ಲೆಕ್ಕ ಹಾಕಿ ಅಷ್ಟೇ ಹೆಣೆಯೋದಲ್ಲ. ಅಂಚಿನ ಕುಣಿಕೆಗಳು ಯಾವತ್ತೂ ಸೊಟ್ಟ, ಅವನ್ನು ಅಳೆದರೆ ಸುಳ್ಳು ಹೇಳ್ತವೆ. ಕನಿಷ್ಠ 15 ಸೆಂ.ಮೀ. ಚೌಕ ಬೇಕು, ನಡುವಿನ 10 ಸೆಂ.ಮೀ. ಮಾತ್ರ ಎಣಿಸಬೇಕು. ಸ್ವೆಟರನ್ನು ಸುತ್ತಾಗಿ ಹೆಣೆಯೋದಾದರೆ ಸ್ಯಾಂಪಲ್ಲೂ ಸುತ್ತಾಗಿಯೇ ಇರಲಿ. ತುಂಬಾ ಜನರಿಗೆ ಪರ್ಲ್ (ಉಲ್ಟಾ) ಸಾಲು ನಿಟ್ (ಸೀದಾ) ಸಾಲಿಗಿಂತ ಸಡಿಲ ಬರುತ್ತೆ, ಸಾದಾ ಹೆಣಿಗೆ ಸುತ್ತಾಗಿ ಹೋದರೆ ಪರ್ಲ್ ಸಾಲೇ ಇರಲ್ಲ, ಹಾಗಾಗಿ ಚಪ್ಪಟೆ ತುಂಡಿನ ಲೆಕ್ಕ ಸುತ್ತಿಗೆ ಹೊಂದಲ್ಲ. ಸ್ಯಾಂಪಲ್ ಬಿದಿರು ಕಡ್ಡಿಯಲ್ಲಿ, ಸ್ವೆಟರ್ ಸ್ಟೀಲ್ ಕಡ್ಡಿಯಲ್ಲಿ ಅನ್ನೋದೂ ಬೇಡ. ಜಾರೋ ಕಡ್ಡಿ ಬಿಗಿತ ಬದಲಾಯಿಸುತ್ತೆ.

ಇನ್ನು ಒಗೆಯದ ಸ್ಯಾಂಪಲ್ಲು ಸ್ಯಾಂಪಲ್ಲೇ ಅಲ್ಲ! ಅಪ್ಪನ ಮನೇಲಿ ಹೇಗೆ ಒಗೀತಾರೋ ಹಾಗೇ ಒಗೆಯಿರಿ. ಮಷಿನ್ನಿಗೇ ಹಾಕೋರಾದರೆ ಇದನ್ನೂ ಮಷಿನ್ನಿಗೆ ಹಾಕಿ, ಸಾಮಾನ್ಯ ಉಣ್ಣೆಯಾದರೆ ಬಿಸಿನೀರು ಮತ್ತು ಉಜ್ಜಾಟಕ್ಕೆ ಮುದುಡಿ ದಪ್ಪ ಕಂಬಳಿ ಆಗೋದು ಈ ಅಂಗೈಯಗಲದ ತುಂಡಿನಲ್ಲೇ ಗೊತ್ತಾಗಿಬಿಡಲಿ. ಸೂಪರ್‌ವಾಶ್ ಉಣ್ಣೆ (ಮಷಿನ್ನಿಗೆ ಹಾಕಬಹುದಾದ ಹಾಗೆ ಸಂಸ್ಕರಿಸಿದ್ದು) ಮುದುಡಲ್ಲ, ಆದರೆ ನೆನೆದ ಮೇಲೆ ಹಿಗ್ಗಿ ಉದ್ದ ಬಿಡುತ್ತೆ. ಕಾಟನ್ ಭಾರಕ್ಕೆ ಜೋಲುತ್ತೆ, ಹಾಗಾಗಿ ಒಗೆದ ಸ್ಯಾಂಪಲ್ಲಿನ ಕೆಳಗೆ ನಾಲ್ಕು ಕ್ಲಿಪ್ ಸಿಕ್ಕಿಸಿ ಒಂದು ದಿನ ನೇತುಹಾಕಿ ಅಳೆಯಿರಿ. ಅಕ್ರಿಲಿಕ್‌ಗೆ ಇಸ್ತ್ರಿ ತಾಗಿಸಲೇಬೇಡಿ, ಒಮ್ಮೆ ಸತ್ವ ಹೋಗಿ ಜೋಲುಬಿದ್ದರೆ ವಾಪಸ್ ಬರಲ್ಲ.

ಲೆಕ್ಕ ಬರಲಿಲ್ಲ ಅಂದ್ರೆ? ಕುಣಿಕೆ ಕಡಿಮೆ ಬಂದರೆ ಕಡ್ಡಿ ಸಣ್ಣದು ಮಾಡಿ (4 ಮಿ.ಮೀ. ಇದ್ದದ್ದು 3.5), ಜಾಸ್ತಿ ಬಂದರೆ ದಪ್ಪದ್ದು. "ನಾನೇ ಸ್ವಲ್ಪ ಬಿಗಿ ಎಳೀತೀನಿ ಬಿಡಿ" ಅನ್ನೋ ಜಾಣರಿದ್ದಾರೆ. ಆ ಬಿಗಿ ಹತ್ತು ಸಾಲು ಇರುತ್ತೆ. ಟಿವಿ ಹಾಕಿದ ಮೇಲೆ ಕೈ ತನ್ನ ಹಳೇ ಚಾಳಿಗೇ ಹೋಗುತ್ತೆ.

ಸಾಲುಗಳನ್ನೂ ಎಣಿಸಿ. ಮೈಯುದ್ದವನ್ನು ಟೇಪ್ ಹಿಡಿದು ನಿಲ್ಲಿಸಬಹುದು, ಆದರೆ ರಾಗ್ಲನ್ (ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಸೇರೋ ತೋಳು) ಹೆಗಲಿನ ಲೆಕ್ಕ ಸಾಲಿನ ಮೇಲೇ ನಿಂತಿದೆ. 10 ಸೆಂ.ಮೀ.ಗೆ 30 ಸಾಲು ಇರಬೇಕಾದ ಕಡೆ 27 ಬಂದರೆ 66 ಸಾಲಿನ ಹೆಗಲು 22 ಸೆಂ.ಮೀ. ಬದಲು 24 ದಾಟುತ್ತೆ. ಆಮೇಲೆ ಕಂಕುಳಲ್ಲಿ ಬಾವಲಿ ರೆಕ್ಕೆ.

"ಸರ್‌ಪ್ರೈಸ್ ಅಲ್ವಾ, ಅಪ್ಪನ ಅಳತೆ ಹೇಗೆ ತಗೊಳ್ಳೋದು?" ಅಂತೀರಿ. ಅವರು ದಿನಾ ಹಾಕೋ ಸ್ವೆಟರ್ ಕದ್ದು ಮೇಜಿನ ಮೇಲೆ ಹರಡಿ. ಕಂಕುಳಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸಿ, ಕಂಕುಳಿಂದ ಮುಂಗೈ ಅಂಚಿಗೆ ತೋಳಿನ ಉದ್ದ, ಕಂಕುಳಿಂದ ಕೆಳಗೆ ಮೈಯುದ್ದ. ಇದು ಬಟ್ಟೆಯದೇ ಅಳತೆ, ಸಡಿಲ ಇದರಲ್ಲೇ ಸೇರಿದೆ, ಮತ್ತೆ ಕೂಡಿಸಬೇಡಿ. ಮೈಯ ಅಳತೆಯೇ ಸಿಕ್ಕಿದ್ದರೆ ಮಾತ್ರ 5ರಿಂದ 10 ಸೆಂ.ಮೀ. ಸೇರಿಸಿ. ಐದು ನಿಮಿಷದ ಕಳ್ಳತನ.

ಮಫ್ಲರಿಗೆ ಯಾಕ್ರೀ ಸ್ಯಾಂಪಲ್ಲು ಅಂತ ಕೇಳ್ತೀರ. ಒಪ್ಪಿದೆ, ಎರಡು ಸೆಂ.ಮೀ. ಅಗಲವಾದರೆ ಯಾರ ಕುತ್ತಿಗೆಯೂ ದೂರು ಕೊಡಲ್ಲ. ಆದರೆ ಆ ಅಗಲಕ್ಕೆ ದಾರ ಬೇಕಲ್ಲ? ಮುಕ್ಕಾಲಿಗೆ ದಾರ ಮುಗಿದು, ಅದೇ ಬಣ್ಣ ಅಂತ ತಂದ ಉಂಡೆ ಬೇರೆ ಡೈ ಲಾಟ್ (ಒಂದೇ ಸಲಕ್ಕೆ ಬಣ್ಣ ಹಾಕಿದ ಕಂತು) ಆಗಿ, ಕೊನೇ ಕಾಲುಭಾಗ ಇನ್ನೊಬ್ಬರ ಮಫ್ಲರಿನಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣುವಾಗ ಈ ವಾದ ನೆನಪಿಸಿಕೊಳ್ಳಿ. ಒಂದು ಉಂಡೆ ಹೆಚ್ಚಿಗೆ ತನ್ನಿ, ಲೇಬಲ್ಲಿನ ಲಾಟ್ ನಂಬರ್ ನೋಡಿ ತನ್ನಿ. ಬೇರೆ ಲಾಟೇ ಗತಿ ಅಂತಾದರೆ ಹಳೇದು ಮುಗಿಯೋ ಮೊದಲೇ ಎರಡೆರಡು ಸಾಲಿಗೆ ಉಂಡೆ ಬದಲಾಯಿಸುತ್ತಾ ಬೆರೆಸಿ.

ನಿಜ ಹೇಳ್ಲಾ? ಸ್ಯಾಂಪಲ್ ಹೆಣೆಯೋದು ನನಗೂ ಮಹಾ ಬೋರು. ಹಾಗಂತ ಬಿಟ್ಟರೆ ಆಗಲ್ಲ.

ಒಂದೇ ಒಂದು ರಿಯಾಯಿತಿ ಟೋಪಿಗೆ. ಅಲ್ಲಿ ಟೋಪಿಯೇ ಸ್ಯಾಂಪಲ್ಲು. 56 ಸೆಂ.ಮೀ. ತಲೆಗೆ ಟೋಪಿ 51ರ ಆಸುಪಾಸು ಇರಬೇಕು, ಎಳೆದುಕೊಂಡು ಕೂರಬೇಕಲ್ಲ. 10 ಸೆಂ.ಮೀ.ಗೆ 20 ಕುಣಿಕೆ ಬರೋ ದಾರದಲ್ಲಿ ಲೆಕ್ಕಕ್ಕೆ 102 ಕುಣಿಕೆ, ಎರಡು ನಿಟ್ ಎರಡು ಪರ್ಲ್ ಅಂಚಿಗೆ ನಾಲ್ಕರಲ್ಲಿ ಭಾಗವಾಗೋ 100 ಅಥವಾ 104 ಹಾಕಿ. ಅಂಚು ದಾಟಿ ಹತ್ತು ಸೆಂ.ಮೀ. ಹೆಣೆದು, ಕುಣಿಕೆಗಳನ್ನು ಬೇರೆ ದಾರಕ್ಕೆ ಇಳಿಸಿ, ಒದ್ದೆ ಮಾಡಿ ಒಣಗಿಸಿ ಅಳೆಯಿರಿ. ಸರಿ ಇದ್ದರೆ ಮುಂದುವರಿಸಿ, ಇಲ್ಲದಿದ್ದರೆ ಅಷ್ಟನ್ನು ಬಿಚ್ಚೋಕೆ ಹೆಚ್ಚು ಹೊತ್ತೇನೂ ಹಿಡಿಯಲ್ಲ.