ಆಮೆಯ ಚಿತ್ರ ಇದೆಯಲ್ಲ, ಮೇಡಂ!

ನಿನ್ನೆಯಿಂದ ತಲೆಯಲ್ಲಿ ಒಂದು ಆಮೆ ಬಂದು ಕೂತಿದೆ. ಎಬ್ಬಿಸಿದರೂ ಏಳುತ್ತಿಲ್ಲ. ಬರೆದಾದರೂ ಓಡಿಸೋಣ ಎಂದು ಕೂತಿದ್ದೇನೆ. ಬರಹ ಉದ್ದವಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಪುರುಸೊತ್ತು ಇಲ್ಲದವರು ಲೈಕ್ ಒತ್ತಿ ಮುಂದೆ ಹೋಗಬಹುದು, ನೀವು ಹೇಗೂ ಅದನ್ನೇ ಮಾಡುತ್ತೀರಿ.

ಸಮುದ್ರದ ದಂಡೆ. ಬೆಳಗಿನ ಹನ್ನೊಂದು ಗಂಟೆ, ಬಿಸಿಲು ನೆತ್ತಿಗೇರುವ ಹೊತ್ತು. ನನ್ನಿಂದ ನಾಲ್ಕು ಹೆಜ್ಜೆ ಆಚೆ ತಾಯಿಯೊಬ್ಬಳು ಐದು ವರ್ಷದ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, "ಕಣ್ಣು ಮುಚ್ಚು ಪುಟ್ಟಾ" ಎಂದು ಹೇಳಿ, ಸನ್‌ಸ್ಕ್ರೀನ್ ಸ್ಪ್ರೇ ಡಬ್ಬಿಯನ್ನು ನೇರ ಮುಖಕ್ಕೇ ಹಿಡಿದು ಬುಸ್ಸೆಂದು ಹೊಡೆದಳು. ಗೇಟಿಗೆ ಬಣ್ಣ ಹೊಡೆಯುವ ಹಾಗೆ. ಮಗು ಕೆಮ್ಮಿತು. ಗಾಳಿ ಜೋರಾಗಿತ್ತು. ಸ್ವಲ್ಪ ಮಗುವಿಗೆ ಬಿತ್ತು, ಬಹಳಷ್ಟು ಮರಳಿಗೆ ಹೋಯಿತು, ಮಿಕ್ಕಿದ್ದು ನನ್ನ ಕನ್ನಡಕದ ಗಾಜಿಗೆ ಬಂತು.

ನನ್ನ ಬಾಯಿ ನಿಮಗೆ ಗೊತ್ತಿದೆ. "ಮುಖಕ್ಕೆ ಹೊಡೆಯಬೇಡಿ ಅಮ್ಮಾ, ಅಂಗೈಗೆ ಹೊಡೆದುಕೊಂಡು ಹಚ್ಚಿ. ಮಗು ಅದನ್ನು ಉಸಿರಿನಲ್ಲಿ ಒಳಗೆ ಎಳೆದುಕೊಳ್ಳುತ್ತದೆ" ಎಂದೆ. ಅವಳು ಸಿಟ್ಟಾಗಲಿಲ್ಲ, ಪಾಪ. ನಗುತ್ತಲೇ ಡಬ್ಬಿಯನ್ನು ನನ್ನ ಕಡೆ ತಿರುಗಿಸಿ, "ಇದು ಒಳ್ಳೆಯ ಜಾತಿಯದು. ನೋಡಿ, ಆಮೆಯ ಚಿತ್ರ ಇದೆಯಲ್ಲ, ಮೇಡಂ!" ಎಂದಳು.

ಇತ್ತು. ಹಸಿರು ಬಣ್ಣದ, ನಗುಮುಖದ ಆಮೆ. ಅದರ ಕೆಳಗೆ ಹವಳಸ್ನೇಹಿ, ಅಂದರೆ ಸಮುದ್ರದ ಹವಳದ ಜೀವಿಗಳಿಗೆ ಕೇಡು ಮಾಡದ್ದು, ಎಂಬ ಅರ್ಥದ ಮಾತು. ಅದಕ್ಕೂ ಕೆಳಗೆ ದಪ್ಪ ಅಕ್ಷರದಲ್ಲಿ, ಆಕ್ಸಿಬೆಂಜೋನ್ ಎಂಬ ಬಿಸಿಲು ತಡೆಯುವ ರಾಸಾಯನಿಕ ಇಲ್ಲ ಎಂಬ ಘೋಷಣೆ. ನಾನು ಡಬ್ಬಿಯನ್ನು ಕೈಗೆ ತೆಗೆದುಕೊಂಡು ಹಿಂದೆ ತಿರುಗಿಸಿದೆ. ಕನ್ನಡಕ ಹಣೆಗೇರಿಸಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ಇರುವೆ ಸಾಲು ಹೊರಟ ಹಾಗೆ ಅಕ್ಷರಗಳು. ನಾಲ್ಕನೆಯ ಸಾಲಿನಲ್ಲಿ ಸಿಕ್ಕಿಬಿದ್ದ: ಇಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನ್ನಮೇಟ್.

ಇಪ್ಪತ್ತೆರಡು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳಿಗೆ ಇಂಥವರ ಗುರುತು ಸಿಗುತ್ತದೆ. ಕೆಲವು ಹುಡುಗರಿಗೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಮನೆಯಲ್ಲಿ ಕರೆಯುವುದು ಇನ್ನೊಂದು. ಇವನ ಇನ್ನೊಂದು ಹೆಸರು ಆಕ್ಟಿನಾಕ್ಸೇಟ್. ಆಕ್ಸಿಬೆಂಜೋನ್‌ಗೂ ಹೀಗೆಯೇ, ಪಟ್ಟಿಯಲ್ಲಿ ಅದು ಬೆಂಜೋಫಿನೋನ್-3 ಎಂದು ಕೂತಿರುತ್ತದೆ. ಹವಾಯಿ ರಾಜ್ಯ 2018ರಲ್ಲಿ ಕಾನೂನು ಮಾಡಿ, ಹವಳಕ್ಕೆ ಕೇಡೆಂದು 2021ರ ಜನವರಿ 1ರಿಂದ ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದದ್ದು ಈ ಇಬ್ಬರಿರುವ ಸನ್‌ಸ್ಕ್ರೀನ್‌ಗಳನ್ನು. ಪಲಾವು ಎಂಬ ಪುಟ್ಟ ದ್ವೀಪರಾಷ್ಟ್ರ ಅದಕ್ಕೂ ಒಂದು ವರ್ಷ ಮೊದಲೇ, 2020ರಲ್ಲಿ, ಇವರಿಬ್ಬರನ್ನೂ ಜೊತೆಗೆ ಇನ್ನಷ್ಟು ಮಂದಿಯನ್ನೂ ಸೇರಿಸಿ ಬಾಗಿಲು ಹಾಕಿತು. ಥಾಯ್ಲೆಂಡ್ 2021ರಲ್ಲಿ ತನ್ನ ಸಾಗರ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷೇಧಿಸಿತು. ಈ ಡಬ್ಬಿಯವರು ಏನು ಮಾಡಿದ್ದಾರೆ ನೋಡಿ. ಇಬ್ಬರು ಕಳ್ಳರಲ್ಲಿ ಒಬ್ಬ ನಮ್ಮ ಮನೆಯಲ್ಲಿ ಇಲ್ಲ ಎಂದು ಬಾಗಿಲ ಮೇಲೆ ಬರೆದು, ಇನ್ನೊಬ್ಬನನ್ನು ಹಿತ್ತಲಲ್ಲಿ ಮಲಗಿಸಿದ್ದಾರೆ. ಸುಳ್ಳು ಹೇಳಿದರು ಎನ್ನಲೂ ಬರುವುದಿಲ್ಲ. ಆಮೆ ಮಾತ್ರ ನಗುತ್ತಿದೆ.

ನನ್ನ ಸಿಟ್ಟು ಆ ತಾಯಿಯ ಮೇಲಲ್ಲ. ಮಗುವಿನ ಚರ್ಮದ ಬಗ್ಗೆ ಕಾಳಜಿ ಇದೆ, ಸಮುದ್ರದ ಬಗ್ಗೆಯೂ ಇದೆ, ಅದಕ್ಕೇ ಹುಡುಕಿ ಆಮೆಯ ಡಬ್ಬಿ ತಂದಿದ್ದಾಳೆ. ಆ ಕಾಳಜಿಯನ್ನೇ ಬಂಡವಾಳ ಮಾಡಿಕೊಂಡವರ ಮೇಲೆ ಸಿಟ್ಟು. 'ಹವಳಸ್ನೇಹಿ' ಎಂದು ಬರೆಯಲು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಯಾವ ವ್ಯಾಖ್ಯೆಯನ್ನೂ ಇಟ್ಟಿಲ್ಲ. ಚಿತ್ರ ಬಿಡಿಸಲು ಬಂದವರೆಲ್ಲ ಆಮೆ ಬಿಡಿಸಬಹುದು.

ಇನ್ನೊಂದು ಪದ ಇದೆ, ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. 'ರಾಸಾಯನಿಕ ಮುಕ್ತ'. ಅಯ್ಯಾ, ಜಿಂಕ್ ಆಕ್ಸೈಡ್ ರಾಸಾಯನಿಕವಲ್ಲದೆ ಮತ್ತೇನು, ಮಾವಿನ ಹಣ್ಣೇ? ನೀರೂ ರಾಸಾಯನಿಕವೇ. ಒಂಬತ್ತನೆಯ ತರಗತಿಯವನು ಉತ್ತರ ಪತ್ರಿಕೆಯಲ್ಲಿ ಹೀಗೆ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತುತ್ತಿದ್ದೆ. ಖನಿಜದ ಸನ್‌ಸ್ಕ್ರೀನ್ ಕನ್ನಡಿಯ ಹಾಗೆ ಬಿಸಿಲನ್ನು ವಾಪಸು ಕಳಿಸುತ್ತದೆ ಎಂಬ ಮಾತೂ ಅರ್ಧ ಕಥೆ. ಜಿಂಕ್ ಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಎರಡೂ ನೇರಳಾತೀತ ಕಿರಣವನ್ನು ಬಹುಪಾಲು ಹೀರಿಕೊಂಡೇ ತಡೆಯುತ್ತವೆ, ಪ್ರತಿಫಲಿಸುವುದು ಅಲ್ಪ ಭಾಗ.

ಹಾಗಾದರೆ ನೀನು ಹಚ್ಚುವುದು ಯಾವುದು ಎಂದು ಕೇಳುತ್ತೀರಿ. ಜಿಂಕ್ ಆಕ್ಸೈಡ್ ಇರುವ ಕ್ರೀಮು. ಕಾರಣ ಆಮೆಯಲ್ಲ. 2019ರಲ್ಲಿ ಎಫ್‌ಡಿಎ ತನ್ನ ಕರಡು ನಿಯಮದಲ್ಲಿ ಸನ್‌ಸ್ಕ್ರೀನ್‌ನ 16 ಘಟಕಗಳನ್ನು ಸಾಲಾಗಿ ನಿಲ್ಲಿಸಿ ಕೇಳಿತು. ಸುರಕ್ಷಿತವೂ ಹೌದು, ಪರಿಣಾಮಕಾರಿಯೂ ಹೌದು ಎಂದು ತೇರ್ಗಡೆಯಾದದ್ದು ಎರಡೇ, ಈ ಜಿಂಕ್ ಮತ್ತು ಟೈಟೇನಿಯಂ. ಎರಡು ನಪಾಸು. ಉಳಿದ 12ಕ್ಕೆ, ಇನ್ನಷ್ಟು ಮಾಹಿತಿ ತನ್ನಿ ಎಂದು ಹೇಳಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಮಾಹಿತಿ ಸಾಲದು ಎಂದರೆ ವಿಷ ಎಂದಲ್ಲ. ಅದೇ ಸಂಸ್ಥೆಯ ವಿಜ್ಞಾನಿಗಳು 2019ರಲ್ಲಿ, ಮತ್ತೆ 2020ರಲ್ಲಿ ಜನರ ಮೈಗೆ ಹಚ್ಚಿಸಿ ರಕ್ತ ಪರೀಕ್ಷಿಸಿದಾಗ, ಆಕ್ಸಿಬೆಂಜೋನ್, ಅವೊಬೆಂಜೋನ್ ಮುಂತಾದ ಬಿಸಿಲು ತಡೆಯುವ ರಾಸಾಯನಿಕಗಳು ಚರ್ಮ ದಾಟಿ ರಕ್ತಕ್ಕೆ ಇಳಿದದ್ದು ಕಂಡಿತು. ಒಂದು ಮಿಲಿಲೀಟರ್ ರಕ್ತದಲ್ಲಿ 0.5 ನ್ಯಾನೊಗ್ರಾಂ ದಾಟಿದರೆ ಇನ್ನಷ್ಟು ಪರೀಕ್ಷೆ ಬೇಕು ಎಂಬುದು ಅವರ ಗೆರೆ, ಅದನ್ನು ಅವು ದಾಟಿದ್ದವು. ಹಾಗೆಂದು ಸನ್‌ಸ್ಕ್ರೀನ್ ಬಿಡಬೇಡಿ ಎಂದೂ ಆ ಸಂಶೋಧಕರೇ ಬರೆದಿದ್ದಾರೆ.

ಆದರೆ ನಮ್ಮ ಜನ ಬಿಡುವುದು ಯಾವುದನ್ನು, ಹಿಡಿಯುವುದು ಯಾವುದನ್ನು! ರಕ್ತಕ್ಕೆ ಇಳಿಯುತ್ತದೆ ಎಂಬ ಅರ್ಧ ಸಾಲು ಓದಿದ ಮರುದಿನವೇ ಒಬ್ಬರು ನನಗೆ ವಿಡಿಯೊ ಕಳಿಸಿದರು. ಕ್ಯಾರೆಟ್ ಬೀಜದ ಎಣ್ಣೆ ಹಚ್ಚಿದರೆ ಸಾಕಂತೆ, ಬಿಸಿಲು ತಾನಾಗಿ ಹಿಂದೆ ಸರಿಯುತ್ತದಂತೆ. ಬಿಸಿಲಿಗೆ ಅಷ್ಟು ಸಂಕೋಚವಿಲ್ಲ ಮಹಾಶಯರೇ. ಆಸ್ಟ್ರೇಲಿಯಾದ ನ್ಯಾಂಬೂರ್ ಎಂಬ ಊರಿನಲ್ಲಿ 1992ರಿಂದ ನಾಲ್ಕು ವರ್ಷ 1,621 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನವೂ ಸನ್‌ಸ್ಕ್ರೀನ್ ಹಚ್ಚಿಸಿದರು, ಇನ್ನೊಂದನ್ನು ಅವರವರ ಇಷ್ಟಕ್ಕೆ ಬಿಟ್ಟರು. ಪ್ರಯೋಗ ಮುಗಿದು ಹತ್ತು ವರ್ಷದ ಮೇಲೆ ಲೆಕ್ಕ ಹಾಕಿದರೆ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಮೊದಲ ಗುಂಪಿನಲ್ಲಿ 11, ಎರಡನೆಯದರಲ್ಲಿ 22. ಅವರು ಹಚ್ಚಿದ್ದು ಹಳೆಯ ಕಾಲದ, 16 ಎಸ್‌ಪಿಎಫ್‌ನ (ಬಿಸಿಲು ತಡೆಯುವ ಶಕ್ತಿಯ ಅಳತೆ ಅದು) ಸಾಧಾರಣ ಕ್ರೀಮು. ಕ್ಯಾರೆಟ್ ಎಣ್ಣೆಯಲ್ಲ.

ಈಗ ನನ್ನದೇ ಮಾನ ಕಳೆದುಕೊಳ್ಳುವ ಭಾಗ. ಹೇಳದಿದ್ದರೆ ತಂಗಿ ಕಾಮೆಂಟಿನಲ್ಲಿ ಹೇಳಿಯೇ ಹೇಳುತ್ತಾಳೆ, ಅದಕ್ಕಿಂತ ನಾನೇ ಹೇಳುವುದು ಮೇಲು.

ನನ್ನ ಕೆನ್ನೆಯ ಬಂಗು ನಿಮಗೆಲ್ಲ ಗೊತ್ತಿರುವುದೇ. ಎರಡನೆಯ ಹೆರಿಗೆಯ ನಂತರ ಬಂದದ್ದು, ಬಾಡಿಗೆ ಕೊಡದೆ ಇವತ್ತಿಗೂ ಇದೆ. ಅದಕ್ಕೆಂದು ಎಸ್‌ಪಿಎಫ್ 50 ಎಂದು ಮುಂದೆ ದೊಡ್ಡದಾಗಿ ಬರೆದಿದ್ದ 50 ಮಿಲಿಲೀಟರ್ ಟ್ಯೂಬ್ ತಂದು ದಿನಾ ಹಚ್ಚಿದೆ. ಕಡಲೆಕಾಳಿನಷ್ಟು. ಬಂಗು ಕರಗಲಿಲ್ಲ, ಮತ್ತಷ್ಟು ಕಪ್ಪಾಯಿತು. ಎಲ್ಲ ಮೋಸ ಎಂದು ಇದೇ ಗೋಡೆಯ ಮೇಲೆ ಕೂಗಾಡಿದ್ದೆ, ಹಳಬರಿಗೆ ನೆನಪಿರಬಹುದು. ಆಮೇಲೆ ಚರ್ಮದ ವೈದ್ಯೆ ಕೇಳಿದ್ದು ಒಂದೇ ಪ್ರಶ್ನೆ: "ಟ್ಯೂಬ್ ಎಷ್ಟು ದಿನ ಬಂತು?" ಹನ್ನೊಂದು ತಿಂಗಳು ಎಂದೆ, ಹೆಮ್ಮೆಯಿಂದ. ಮಿತವ್ಯಯದ ಗೃಹಿಣಿ ನಾನು! ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ಆ ಎಸ್‌ಪಿಎಫ್ ಸಂಖ್ಯೆಯನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಚರ್ಮದ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮುಖ, ಕತ್ತಿಗೆ ಎಂದರೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಎರಡು ಗೆರೆ ಎಳೆದಷ್ಟು. ಇಡೀ ಮೈಗೆ ಸುಮಾರು 30 ಮಿಲಿಲೀಟರ್. ದಿನಾ ಮುಖಕ್ಕೆ ಸರಿಯಾಗಿ ಹಚ್ಚಿದ್ದರೆ ಆ ಟ್ಯೂಬ್ ಎರಡು ತಿಂಗಳು ಬರುತ್ತಿರಲಿಲ್ಲ. ನಾನು ಹನ್ನೊಂದು ತಿಂಗಳು ಎಳೆದೆ. ರಸಾಯನಶಾಸ್ತ್ರದ ಮೇಡಂ! ಪ್ರಮಾಣ ತಪ್ಪಿದರೆ ಫಲಿತಾಂಶ ತಪ್ಪುತ್ತದೆ ಎಂದು ಮಕ್ಕಳ ಬೆರಳಿಗೆ ಸ್ಕೇಲಿನಲ್ಲಿ ಹೊಡೆದವಳು!

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಎಸ್‌ಪಿಎಫ್ ಸಂಖ್ಯೆ ಹೇಳುವುದು ಮುಖ್ಯವಾಗಿ ಚರ್ಮ ಸುಡುವ ಯುವಿಬಿ ಕಿರಣದ ಕಥೆ. 30 ಇದ್ದರೆ ಮೂವತ್ತರಲ್ಲಿ ಒಂದು ಪಾಲು ಒಳಗೆ ಬರುತ್ತದೆ, 50 ಇದ್ದರೆ ಐವತ್ತರಲ್ಲಿ ಒಂದು ಪಾಲು. ಅಂದರೆ ತಡೆಯುವುದು ಶೇ 97 ಮತ್ತು ಶೇ 98. ಆ ಒಂದು ಶೇಕಡಾಕ್ಕೆ ಮುಂಭಾಗದಲ್ಲಿ ಎಷ್ಟು ದೊಡ್ಡ ಅಕ್ಷರ! ಮೋಡ, ಕಿಟಕಿ ಗಾಜು ದಾಟಿ ಬಂದು ಚರ್ಮದ ಒಳಪದರಕ್ಕೆ ಇಳಿಯುವ ಯುವಿಎ ಬಗ್ಗೆ ಸುಳಿವು ಸಿಗಬೇಕಾದರೆ 'ವಿಶಾಲ ವ್ಯಾಪ್ತಿ' ಎಂಬ ಅರ್ಥದ ಮಾತು, ಇಲ್ಲವೆ ಪಿಎ ಮುಂದಿನ ಪ್ಲಸ್ ಗುರುತುಗಳು, ಇಲ್ಲವೆ ವೃತ್ತದೊಳಗಿನ ಯುವಿಎ ಅಕ್ಷರ ನೋಡಬೇಕು. ನನ್ನ ಟ್ಯೂಬಿನಲ್ಲಿ ಇವು ಯಾವುವೂ ಇರಲಿಲ್ಲ. ಬಂಗನ್ನು ಕೆರಳಿಸುವುದು ನೇರಳಾತೀತ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು ಎಂದು ತಿಳಿದದ್ದು ಇನ್ನೂ ತಡವಾಗಿ. ಅದನ್ನು ತಡೆಯಲು ಐರನ್ ಆಕ್ಸೈಡ್ ಬೆರೆತ, ಚರ್ಮದ ಬಣ್ಣದ ಕ್ರೀಮು ಬೇಕು. ಲಾಭಕ್ಕೆ ಲಾಭ, ಜಿಂಕ್ ಹಚ್ಚಿದರೆ ಬರುವ ಬೂದಿ ಬಳಿದ ಕಳೆಯೂ ಹೋಗುತ್ತದೆ. ನನ್ನಂಥ ಕಂದು ಚರ್ಮದವರು ಖನಿಜದ ಕ್ರೀಮನ್ನು ಬಿಟ್ಟು ಓಡುವುದು ಆ ಬೂದಿಗೇ ಹೆದರಿ.

ಹಿಂದುಗಡೆ ತಿರುಗಿಸಿ ನೋಡಿದ್ದರೆ ಇವು ಇಲ್ಲವೆಂದು ಆಗಲೇ ಗೊತ್ತಾಗುತ್ತಿತ್ತು ಸ್ವಾಮೀ. ನಾನು ಮುಂದೆ ನೋಡಿ ತಂದಿದ್ದೆ. ಆ ತಾಯಿಗೂ ನನಗೂ ವ್ಯತ್ಯಾಸ ಇಷ್ಟೇ, ಅವಳ ಡಬ್ಬಿಯಲ್ಲಿ ಆಮೆ ಇತ್ತು, ನನ್ನ ಟ್ಯೂಬಿನಲ್ಲಿ ಎರಡು ಎಲೆ ಮತ್ತು ಒಂದು ನೀರಿನ ಹನಿ.

ಈಗ ಯಾರೋ ಬಂದೇ ಬರುತ್ತಾರೆ: "ಹವಳ ಸಾಯುತ್ತಿರುವುದು ಸಮುದ್ರ ಬಿಸಿಯಾಗಿ, ನಿಮ್ಮ ಮೂಗಿಗೆ ಹಚ್ಚಿದ ಕ್ರೀಮಿನಿಂದಲ್ಲ." ಒಪ್ಪಿದೆ. ಜಗತ್ತಿನಾದ್ಯಂತ ಹವಳ ಬಿಳಿಚಿಕೊಳ್ಳುವ ನಾಲ್ಕನೆಯ ಸರದಿ ನಡೆಯುತ್ತಿದೆ ಎಂದು 2024ರ ಏಪ್ರಿಲ್‌ನಲ್ಲಿ ಘೋಷಿಸಿದ್ದು ಸಮುದ್ರದ ಬಿಸಿಯ ಕಾರಣಕ್ಕೇ. ಆದರೆ ಈ ವಾದ ಮಾಡುವವರು ಬಿಸಿ ಇಳಿಸಲು ಏನಾದರೂ ಮಾಡಿದ್ದನ್ನು ನಾನು ಕಂಡಿಲ್ಲ. ಇನ್ನೊಬ್ಬರು ಏನೂ ಮಾಡದಿರಲಿ ಎಂದು ಮಾತ್ರ ಆಡುವ ಮಾತು ಅದು. 2022ರಲ್ಲಿ ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು ಹವಳದ ನೆಂಟನಾದ ಸಮುದ್ರದ ಅನೆಮೋನ್ ಎಂಬ ಜೀವಿಯ ಮೇಲೆ ಮಾಡಿದ ಪ್ರಯೋಗ ಓದಿ. ಆಕ್ಸಿಬೆಂಜೋನ್ ಮೈಗೆ ಸೇರಿದರೆ ಅದು ತನ್ನ ರೂಢಿಯಂತೆ ಸಕ್ಕರೆ ಅಂಟಿಸಿ ಹೊರಹಾಕಲು ಹೋಗುತ್ತದೆ. ಸಕ್ಕರೆ ಅಂಟಿದ ಆ ಹೊಸ ಪದಾರ್ಥ ಬಿಸಿಲು ಬಿದ್ದ ಕೂಡಲೇ ವಿಷವಾಗುತ್ತದೆ. ನಮ್ಮನ್ನು ಬಿಸಿಲಿನಿಂದ ಕಾಯಬೇಕಾದದ್ದು ಅದರ ಮೈಯಲ್ಲಿ ಬಿಸಿಲನ್ನೇ ಆಯುಧ ಮಾಡಿಕೊಳ್ಳುತ್ತದೆ! ಒಳಗೆ ವಾಸವಿರುವ ಪಾಚಿ ಆ ವಿಷವನ್ನು ತಾನು ಹೀರಿಟ್ಟುಕೊಂಡು ಮನೆಯವನನ್ನು ಸ್ವಲ್ಪ ಕಾಯುತ್ತದೆ. ನೀರು ಬಿಸಿಯಾದಾಗ ಹವಳ ಮೊದಲು ಕಳೆದುಕೊಳ್ಳುವುದು ಆ ಪಾಚಿಯನ್ನೇ. ಜ್ವರದಲ್ಲಿ ಮಲಗಿದವನಿಗೆ ಹೇಗೂ ಜ್ವರ ಇದೆಯಲ್ಲ ಎಂದು ತಣ್ಣೀರು ಸುರಿಯುತ್ತಾರೆಯೇ?

ನಾವು ಸಮುದ್ರಕ್ಕೇ ಹೋಗುವುದಿಲ್ಲ ಎಂದು ನಿರಾಳವಾಗಬೇಡಿ. ಸಂಜೆ ಮುಖ ತೊಳೆದ ನೀರು ಚರಂಡಿ ಸೇರುತ್ತದೆ, ಕೊಳಚೆ ನೀರು ಶುದ್ಧೀಕರಿಸುವ ಘಟಕಗಳು ಈ ರಾಸಾಯನಿಕಗಳನ್ನು ಪೂರ್ತಿ ಹಿಡಿಯುವುದಿಲ್ಲ. ಹಾಗೆಂದು ಜಿಂಕ್ ದೇವಲೋಕದಿಂದ ಇಳಿದದ್ದೂ ಅಲ್ಲ. ಹೆಚ್ಚಾದರೆ ಅದೂ ಜಲಚರಗಳಿಗೆ ಕೇಡು. ಹೀಗಾಗಿ ನಾನು ಸಮುದ್ರಕ್ಕೆ ಇಳಿಯುವಾಗ ಉದ್ದ ತೋಳಿನ ಅಂಗಿ ಹಾಕಿ, ಟೋಪಿ ಇಟ್ಟು, ಬಟ್ಟೆ ಮುಚ್ಚದ ಕಡೆಗೆ ಮಾತ್ರ ಕ್ರೀಮು ಹಚ್ಚುತ್ತೇನೆ. ಬಟ್ಟೆ ನೀರಿಗೆ ಕರಗುವುದಿಲ್ಲ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕೆಂದೂ ಇಲ್ಲ. ನೋಡಿದವರು ನಗುತ್ತಾರೆ. ನಗಲಿ. ಆರು ತಿಂಗಳೊಳಗಿನ ಕೂಸಿಗೆ ನೆರಳು, ಬಟ್ಟೆಯೇ ಮೊದಲ ರಕ್ಷಣೆ ಎನ್ನುತ್ತಾರೆ ಮಕ್ಕಳ ವೈದ್ಯರು.

ಸ್ಪ್ರೇ ಬಗ್ಗೆ ಇನ್ನೊಂದು ಮಾತು, ಸಿಟ್ಟು ಇನ್ನೂ ಉಳಿದಿರುವುದರಿಂದ. 2021ರಲ್ಲಿ ಅಮೆರಿಕದಲ್ಲಿ ಕೆಲವು ಸ್ಪ್ರೇ ಸನ್‌ಸ್ಕ್ರೀನ್‌ಗಳಲ್ಲಿ ಬೆಂಜೀನ್ ಕಲಬೆರಕೆ ಕಂಡುಬಂದು ಮಾರುಕಟ್ಟೆಯಿಂದ ವಾಪಸು ತೆಗೆಸಿಕೊಂಡರು. ಬೆಂಜೀನ್ ರಕ್ತದ ಕ್ಯಾನ್ಸರ್ ತರುವಂಥದ್ದು. ಅದು ಸನ್‌ಸ್ಕ್ರೀನಿನ ಘಟಕವಲ್ಲ, ನುಸುಳಿದ ಕಶ್ಮಲ. ಪಟ್ಟಿಯಲ್ಲಿ ಇರುವುದೂ ಇಲ್ಲ. ಹಿಂಬದಿ ಓದಿದರೂ ಸಿಗದ ಸಂಗತಿಗಳು ಇವೆ ಎಂದು ಒಪ್ಪಿಕೊಳ್ಳಬೇಕಲ್ಲ, ಅದಕ್ಕೆ ಹೇಳಿದೆ. ಹಾಗೆಯೇ ಹೋದ ಬೇಸಿಗೆಯ ಬಾಟಲಿಯನ್ನು ಈ ಬೇಸಿಗೆಗೆ ಕಾದಿಡುವ ಮಿತವ್ಯಯಿಗಳೇ, ಆಕ್ಟೊಕ್ರಿಲೀನ್ ಎಂಬ ಬಿಸಿಲು ತಡೆಯುವ ಘಟಕ ಇರುವ ಕ್ರೀಮು ಹಳತಾದಂತೆ ಅದರಲ್ಲಿ ಬೆಂಜೋಫಿನೋನ್ ಎಂಬ, ಕ್ಯಾನ್ಸರ್ ತರಬಹುದೆಂಬ ಶಂಕೆಯ ಪದಾರ್ಥ ಹೆಚ್ಚುತ್ತದೆ. ನನ್ನ ಹನ್ನೊಂದು ತಿಂಗಳ ಟ್ಯೂಬಿನಲ್ಲಿ ಆಕ್ಟೊಕ್ರಿಲೀನೂ ಇತ್ತು. ಈಗ ನಗುತ್ತಿದ್ದೀರಿ, ಗೊತ್ತು.

ಆ ತಾಯಿಗೆ ಇಷ್ಟೆಲ್ಲ ಹೇಳಲಿಲ್ಲ. ಹಿಂದಿನ ನಾಲ್ಕನೆಯ ಸಾಲನ್ನು ಉಗುರಿನಿಂದ ತೋರಿಸಿ ಎರಡು ಮಾತಿನಲ್ಲಿ ಮುಗಿಸಿದೆ. ಅವಳು ಮೊಬೈಲ್ ತೆಗೆದು ಆ ಸಾಲಿನ ಫೋಟೋ ಹೊಡೆದುಕೊಂಡಳು, ನನ್ನ ಉಗುರಿನ ಸಮೇತ. ಮಗಳಿಗೆ ಟೋಪಿ ಇಟ್ಟಳು. ಪುಟ್ಟಿ ಮಾತ್ರ ನನ್ನನ್ನು ದುರುಗುಟ್ಟಿ ನೋಡಿ, ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡು ಆಮೆಯನ್ನು ಎದೆಗೊತ್ತಿಕೊಂಡಳು.

ಇದನ್ನು ಬರೆಯುತ್ತಿರುವಾಗಲೇ ತಂಗಿಯ ಸಂದೇಶ ಬಂತು. "ಅಕ್ಕಾ, ನನ್ನದು ನೋಡಿ ಹೇಳು, ಇದು ಸರಿಯಾ?" ಜೊತೆಗೆ ಫೋಟೋ. ಟ್ಯೂಬಿನ ಮುಂಭಾಗದ್ದು. ಡಾಲ್ಫಿನ್ ಇದೆ.